ವಿ.ಸಿ.ಯೊಳಗ ತಮ್ಮ ಮಾರಿ ತಾವ ನೋಡೋರು

ಇಂಥಾವು ಒಮ್ಮೆ ಆಗಿ ಸುಮ್ಮನಾಗಿದ್ರ ಮರೀತಿದ್ದೆ. ವಾರಕ್ಕ ಮೂರು ಸಲ ಆಗ್ತಾವ. ನಾ ಒಂದು ಇಲಾಖೆಯೊಳಗ ಕಂಪ್ಯೂಟರ್ ಆಪರೇಟರ್. ಜಿಲ್ಲಾ ಸಾಹೇಬ್ರು ಟಿ.ವಿ.ಯೊಳಗ ಕುಂತು ನಡಸೋ ಮೀಟಿಂಗಿಗೆ ನಾವು ವಿ.ಸಿ. ಅಂತೀವಿ. ವೈರ್ ಹಚ್ಚೋದು, ಕ್ಯಾಮೆರಾ ತಿರುವೋದು ನನ್ನ ಕೆಲಸ. ಮಸ್ಕಿ, ಸಿಂಧನೂರು, ಈಗ ಲಿಂಗಸುಗೂರು, ಮೂರೂ ಊರಾಗ ಇದನ್ನ ಮಾಡೀನಿ. ನೆಟ್‌ವರ್ಕ್ ಕೈ ಕೊಟ್ರ ಬೈಸ್ಕೊಳ್ಳಾಕ ನಾ ತಯಾರ್ ಇರ್ತೀನಿ. ತಮ್ಮ ಮಾರಿ ಹೆಂಗ ಕಾಣ್ತೈತಿ ಅಂತ ಜೀವ ತಿಂತಾರಲ್ಲ, ಅದಕ್ಕ ಹೈರಾಣ ಆಗೀನಿ.

ಹೆಣ್ಮಕ್ಳು ಸೀದಾ ಕೇಳ್ತಾರ, ಅಣ್ಣಾರ, ಕೂದಲ ಬರೋಬ್ಬರಿ ಅದಾವೇನ್ರಿ ಅಂತ. ಅದಾವ ಅಂದ್ರ ಮುಗೀತು. ಗಂಡಸರು ಕೇಳಂಗಿಲ್ಲ. ಕ್ಯಾಮೆರಾ ಸರಿ ಇಲ್ಲ ಅಂತಾರ.

ಲೈಟಿನ ಕಾಟ

ಮಸ್ಕಿಯೊಳಗಿದ್ದ ನಮ್ಮ ಸಾಹೇಬ್ರ ತಲಿ ಬೋಳು. ಟಿ.ವಿ.ಯೊಳಗ ಅದು ಫಳಫಳ ಹೊಳೀತಿತ್ತು. ಒಂದಿನ ಲೈಟ್ ಕಣ್ಣಿಗೆ ಚುಚ್ಚತೈತಿ, ಆರಸು ಅಂದ್ರು. ಆರಿಸಿದೆ. ಇನ್ನೊಂದು ಆರಸು ಅಂದ್ರು. ಆಮ್ಯಾಲ ಕಿಟಕಿ ಹಾಕಿಸಿದ್ರು. ಕಡೀಕ ಅವರ ಹಲ್ಲಷ್ಟ ಕಾಣಾಕತ್ತಿದ್ವು. ಜಿಲ್ಲಾ ಸಾಹೇಬ್ರು ಮಸ್ಕಿಯೊಳಗ ಕರೆಂಟ್ ಹೋಗೇತಿ ಅಂತ ತಿಳದು, ಅಲ್ಲಿಂದ್ಲೇ ಯಾರಿಗೋ ಫೋನ್ ಹಚ್ಚಿಸಿದ್ರು. ಹತ್ತು ನಿಮಿಷಕ್ಕ ಲೈನ್‌ಮನ್ ಏಣಿ ಹೊತ್ಕೊಂಡು ಮೀಟಿಂಗಿನ ನಡುವ ಬಂದ. ಗ್ವಾಡಿ ಮ್ಯಾಲಿನ ಸ್ವಿಚ್ ಎಲ್ಲಾ ಒತ್ತಿದ. ಟಿ.ವಿ. ಕಡೆ ತಿರುಗಿ, "ಕರೆಂಟ್ ಐತ್ರಿ ಸರ್. ಇವರ ಆರಿಸ್ಕೊಂಡು ಕುಂತಾರ," ಅಂದು ಏಣಿ ಎತ್ಕೊಂಡು ಹೋದ.

ವಿಭೂತಿ

ಸಿಂಧನೂರಾಗ ವಳಕಮದಿನ್ನಿ ಕಡೆಯ ಒಬ್ರು ಗುಮಾಸ್ತರಿದ್ರು. ದಿನಾ ಪೂಜಾ ಮಾಡಿ ವಿಭೂತಿ ಹಚ್ಕೊಂಡ ಬರೋರು. ವಿ.ಸಿ. ಇದ್ದ ದಿನ ಬಾತ್‌ರೂಮ್ ಕನ್ನಡಿ ಮುಂದ ಇನ್ನೊಮ್ಮೆ ದಪ್ಪಗೆ ಎಳ್ಕೊಳ್ಳೋರು. ಯಾಕ್ರೀ ಅಂದ್ರ, ಟಿ.ವಿ.ಯೊಳಗ ಹಣಿ ಸಪ್ಪಗ ಕಾಣ್ತೈತಿ ಅನ್ನೋರು. ಒಂದಿನ ನೆಟ್ ಮಂದ ಇತ್ತು. ಮೂರು ಗೆರಿ ಕೂಡಿ ಒಂದ ಬಿಳೀ ಪಟ್ಟಿ ಆತು. ಆ ಕಡೆ ಕುಂತಿದ್ದ ಹೊಸಾ ಅಧಿಕಾರಿ ಬೇರೆ ಸೀಮೆಯವರು. "ಅಯ್ಯೋ, ತಲೆಗೆ ಪೆಟ್ಟು ಮಾಡ್ಕೊಂಡು ಯಾಕ್ರೀ ಬಂದ್ರಿ? ಮನೆಗೆ ಹೋಗಿ ರೆಸ್ಟ್ ತಗೊಳ್ಳಿ," ಅಂದ್ರು. ನಮ್ಮ ಗುಮಾಸ್ತರು ಒಂದು ಗಳಿಗಿ ವಿಚಾರ ಮಾಡಿದ್ರು. ಆಮ್ಯಾಲ ಎರಡೂ ಕೈಲೆ ತಲಿ ಹಿಡ್ಕೊಂಡು, ನರಳಕೋತ ಎದ್ದು ಹೋದ್ರು. ಎರಡು ದಿನ ಬರಲಿಲ್ಲ.

ಟಿಕಳಿ

ಈಗ ಲಿಂಗಸುಗೂರಿಗೆ ಬಂದೀನಿ. ಇಲ್ಲಿ ಒಬ್ರು ಮೇಲ್ವಿಚಾರಕಿ ಅದಾರ, ತುರ್ವಿಹಾಳದ ಹೆಣ್ಮಗಳು. ಕೆಲಸದಾಗ ಅವರ ಸಮ ಯಾರೂ ಇಲ್ಲ. ಖರೆ ವಿ.ಸಿ. ಶುರು ಆದ್ರ ಕ್ಯಾಮೆರಾ ಬಂದ್. ಜಿಲ್ಲಾ ಸಾಹೇಬ್ರು ಎರಡು ಸಲ ಗೈರುಹಾಜರಿ ಹಾಕ್ಯಾರ. ಮೂರನೇ ಸಲ ನೋಟಿಸ್ ಅಂತ ಹೇಳ್ಯಾರ. ಆಯಮ್ಮಗ ಪ್ರಮೋಷನ್ ಹತ್ರ ಬಂದೇತಿ, ನೋಟಿಸ್ ಬಿತ್ತಂದ್ರ ಅದೂ ಹೋತು.

ಏನ್ರಿ ಅಕ್ಕಾರ ನಿಮ್ಮ ತ್ರಾಸು ಅಂತ ಕೇಳಿದೆ.

"ಪರದೆ ಮೂಲ್ಯಾಗ ನನ್ನ ಮಾರಿ ಕಾಣ್ತೈತಲ್ರಿ ಅಣ್ಣಾರ, ಅದನ್ನ ನೋಡ್ಕೋತ ಮಾತಾಡಾಕ ನಾಲಿಗಿ ಹೊಳ್ಳಂಗಿಲ್ಲ," ಅಂದ್ರು.

ನನಗ ಪಾಪ ಅನಿಸ್ತು. ಮೂರನೇ ವಿ.ಸಿ. ದಿನ ಕ್ಯಾಮೆರಾ ಚಾಲೂ ಮಾಡಿ ನನ್ನ ಲ್ಯಾಪ್‌ಟಾಪ್ ಮುಂದ ಕುಂದ್ರಿಸಿದೆ. ಕುಂತ ಕೂಡ್ಲೇ ತಮ್ಮ ಹಣೀ ಮ್ಯಾಲಿನ ಟಿಕಳಿ ಕಿತ್ತು ಪರದೆಗೆ, ತಮ್ಮ ಮಾರಿ ಕಾಣೋ ಸಣ್ಣ ಚೌಕಟ್ಟಿನ ಮ್ಯಾಲ ಅಂಟಿಸಿದ್ರು. ಮಾರಿ ಮುಚ್ಚಿತು, ಮಾತು ಬಿಚ್ಚಿತು. ಏನ್ ಅಂಕಿ, ಏನ್ ವಿವರ, ನಾನೂ ಬಾಯಿ ತಕ್ಕೊಂಡು ಕುಂತೆ.

ವರದಿ ಅರ್ಧಕ್ಕ ಬಂದಿರಬೇಕು, ಸಂತೆಕಲ್ಲೂರಿನಿಂದ ಯಾರೋ ತಡಾ ಮಾಡಿ ವಿ.ಸಿ.ಗೆ ಕೂಡ್ಕೊಂಡ್ರು. ಪರದೆಯ ಚೌಕಟ್ಟೆಲ್ಲಾ ಜಾಗಾ ಬದಲಿ ಮಾಡಿದ್ವು. ಟಿಕಳಿ ಇದ್ದಲ್ಲೇ ಇತ್ತು. ಅದರ ಕೆಳಗ ಜಿಲ್ಲಾ ಸಾಹೇಬ್ರು ಬಂದು ಕುಂತ್ರು. ಗಿರಿಜಾ ಮೀಸಿ, ಗಂಟು ಮಾರಿ, ಹಣೀ ನಟ್ಟನಡುವ ಕೆಂಪನ ಟಿಕಳಿ.

ಆಯಮ್ಮ ಮಾತು ನಿಲ್ಲಿಸಿದ್ರು. ಸೆರಗು ಬಾಯಿಗೆ ಇಟ್ರೂ ನಗಿ ತಡೀಲಿಲ್ಲ. ನೋಟಿಸ್ ಬಂದಂಗ ಆತು ಅನ್ಕೊಂಡೆ.

"ಏನು ನಗಾಕತ್ತೀರಿ?" ಸಾಹೇಬ್ರು ಗದರಿಸಿದ್ರು.

"ಏನಿಲ್ರಿ ಸರ್," ಅಂದ್ರು ಆಯಮ್ಮ. "ಇವತ್ತು ನಿಮ್ಮ ಮಾರಿ ಮ್ಯಾಲ ಭಾಳ ಕಳಾ ಐತ್ರಿ. ನೋಡಿ ಖುಷಿ ಆತು."

ಸಾಹೇಬ್ರ ಕಣ್ಣು ಮೆಲ್ಲಕ ಮೂಲಿಗೆ ಹೋತು, ತಮ್ಮ ಚೌಕಟ್ಟಿನ ಕಡೆ. ಮೀಸಿ ತೀಡಿದ್ರು. ಎಡಕ್ಕೊಮ್ಮೆ ತಿರುಗಿ ನೋಡ್ಕೊಂಡ್ರು, ಬಲಕ್ಕೊಮ್ಮೆ ನೋಡ್ಕೊಂಡ್ರು. ಪೂರಾ ಒಂದು ನಿಮಿಷ ಹೋತು. ಆಮ್ಯಾಲ ಗಂಟಲು ಸರಿಮಾಡ್ಕೊಂಡು, "ನಿಮ್ಮ ವರದಿ ಭಾಳ ಚಲೋ ಐತಿ. ನೋಟಿಸ್ ಗೀಟಿಸ್ ಏನೂ ಬ್ಯಾಡ," ಅಂದು ಮೀಟಿಂಗ್ ಮುಗಿಸಿದ್ರು.

ವರದಿ ಇನ್ನೂ ಅರ್ಧ ಉಳದಿತ್ತು.