ಎ.ಸಿ. ತೂತಿಗೆ ಮಾವನ ಕಾವಲು

ನಮ್ಮ ಮಾವನವರಿಗೆ ದೇವರಲ್ಲಿ ಭಕ್ತಿಯಿದೆ, ನಂಬಿಕೆ ಮಾತ್ರ ಇಲ್ಲ. ಪೂಜಾರಿ ಕೈಗೆ ಹಾಕಿದ ತೀರ್ಥವನ್ನೂ ಒಮ್ಮೆ ಮೂಸಿ ನೋಡಿಯೇ ಬಾಯಿಗೆ ಬಿಟ್ಟುಕೊಳ್ಳುತ್ತಾರೆ. ಇನ್ನು ಮನುಷ್ಯರ ಪಾಡು ಕೇಳಬೇಕೆ? ಹಾಲಿನವನು ಗಟ್ಟಿ ಹಾಲು ಎಂದರೆ ಬೆರಳು ಅದ್ದಿ ಎತ್ತಿ ನೋಡುತ್ತಾರೆ. ಟೀವಿಯವರು ಇವತ್ತು ಮಳೆ ಎಂದರೆ ಮಹಡಿ ಹತ್ತಿ ಮೂಡಲ ದಿಕ್ಕನ್ನು ನೋಡಿಕೊಂಡು ಬಂದು, "ಸುಳ್ಳು" ಎಂದು ತೀರ್ಪು ಕೊಡುತ್ತಾರೆ. ಯಾರಾದರೂ "ಆಯ್ತು" ಎಂದುಬಿಟ್ಟರಂತೂ ಮುಗಿಯಿತು, ಇವರ ಕೆಲಸ ಅಲ್ಲಿಂದ ಶುರು. ಗ್ಯಾಸ್ ಆಫ್ ಮಾಡಿ ಆಯ್ತು, ಗೇಟಿಗೆ ಬೀಗ ಹಾಕಿ ಆಯ್ತು ಎಂದು ನಾನು ಹೇಳಿದ ಮರುಕ್ಷಣ ಅವರ ಚಪ್ಪಲಿಯ ಸದ್ದು ಗೇಟಿನ ಕಡೆಗೆ ಹೊರಟಿರುತ್ತದೆ.

ನನ್ನನ್ನು ಹೆಣ್ಣು ನೋಡಲು ಬಂದ ದಿನವೂ ಹೀಗೆಯೇ. ಎಲ್ಲರೂ ಕೇಸರಿಬಾತು ತಿನ್ನುತ್ತಿದ್ದರೆ ಇವರು ಹಿತ್ತಲಿಗೆ ಹೋಗಿದ್ದರು. ನನ್ನನ್ನು ನೋಡಿದ್ದು ಎರಡು ನಿಮಿಷ, ನಮ್ಮಪ್ಪನ ಮನೆಯ ನೀರಿನ ಸಂಪನ್ನು ನೋಡಿದ್ದು ಅರ್ಧ ಗಂಟೆ. ಕೊನೆಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಸಂಪು ಸೋರ್ತಿಲ್ಲ, ಹೆಣ್ಣು ತರಬೋದು" ಅಂದರಂತೆ. ಹನ್ನೆರಡು ವರ್ಷವಾಯಿತು, ಅದು ಹೊಗಳಿಕೆಯೋ ಅಲ್ಲವೋ ನನಗಿನ್ನೂ ಗೊತ್ತಾಗಿಲ್ಲ.

ಅತ್ತೆ ತೀರಿಕೊಂಡ ಮೇಲೆ ಆವತಿ ಪಕ್ಕದ ತಮ್ಮ ಹೊಲವನ್ನು ಗುತ್ತಿಗೆಗೆ ಕೊಟ್ಟು ಅವರು ಹೊಸಕೋಟೆಗೆ, ನಮ್ಮ ಜೊತೆಗೆ ಬಂದರು. ನಾನು ಇಲ್ಲೇ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ನಮ್ಮ ಮನೆಯವರು ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಮಿಷನ್ನಿನ ಮೇಲೆ ಕೆಲಸ ಮಾಡುತ್ತಾರೆ. ಈ ವರ್ಷ ಅವರಿಗೆ ಕಾಯಂ ನೈಟ್ ಶಿಫ್ಟ್. ಬೆಳಿಗ್ಗೆ ಎಂಟಕ್ಕೆ ಬಂದು ತಿಂಡಿ ತಿಂದು ಮಲಗಿದರೆ ಸಂಜೆಯವರೆಗೆ ಅದೇ ಅವರ ರಾತ್ರಿ.

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಯಿತು ನೋಡಿ, ಆಮೇಲೆ ಆ ರೂಮಿನಲ್ಲಿ ಹಗಲು ಮಲಗುವುದು ಮನುಷ್ಯರಿಗೆ ಸಾಧ್ಯವಿರಲಿಲ್ಲ. ಫ್ಯಾನು ಬಿಸಿಗಾಳಿಯನ್ನೇ ಮೇಲಿಂದ ಸುರಿಯುತ್ತಿತ್ತು. ಒಂದು ದಿನ ನಮ್ಮ ಮನೆಯವರು ತಿಂಡಿ ತಿನ್ನುತ್ತಾ, ಏನೂ ಆಗದವರ ಹಾಗೆ, "ರಾತ್ರಿ ಮಿಷನ್ ಮುಂದೆ ಕಣ್ಣು ಎಳ್ಕೊಂಡ್ಬಿಡ್ತು. ಪಕ್ಕದೋನು ಹಿಡಿದು ಎಳೀದಿದ್ರೆ ಕೈಯೇ ಹೋಗ್ತಿತ್ತು. ಅಪ್ಪಂಗೆ ಹೇಳ್ಬೇಡ" ಅಂದರು. ನನ್ನ ಕೈಲಿದ್ದ ಸೌಟು ಹಾಗೇ ನಿಂತಿತು. ಮಿಷನ್ನಿಗೆ ಸುರಕ್ಷತೆಗೆಂದು ಇಟ್ಟ ಸಾಧನವೆಲ್ಲ ಕೈಕೊಟ್ಟ ಹೊತ್ತಲ್ಲಿ ಇನ್ನೊಬ್ಬನ ಕೈ ಸಿಕ್ಕಿತ್ತು, ಅಷ್ಟೆ. ಮರುವಾರವೇ ಎ.ಸಿ. ಬಂತು.

ಕೂರಿಸಲು ಇಬ್ಬರು ಬಂದರು. ಗೋಡೆಗೆ ಡ್ರಿಲ್ ಹಚ್ಚಿದ್ದೇ ತಡ ಮಾವ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ತೂತು ಆಚೆ ಕಡೆ ಹೊರಟಿತು, ಪೈಪು ಹೊಕ್ಕಿತು. ಮಾವ ಎದ್ದು ಬಂದು ಅಳತೆ ತೆಗೆದರು.

"ಪೈಪು ಎರಡು ಬೆರಳು, ತೂತು ನಾಕು ಬೆರಳು. ಮಿಕ್ಕಿದ್ದೆರಡು ಬೆರಳು ಯಾರಿಗಪ್ಪಾ?"

"ಅಜ್ಜ, ಅದನ್ನ ಪ್ಯಾಕ್ ಮಾಡ್ತೀವಿ ಅಜ್ಜ."

"ಹಾವಿಗೆ ಬೆರಳಗಲ ಸಾಕು. ಇಲಿಗೆ ಅದೂ ಬ್ಯಾಡ. ಕಳ್ಳಂಗೆ ಒಂದು ಕಡ್ಡಿ ತೂರಿಸೋಷ್ಟಿದ್ರೆ ಆಯ್ತು."

ಎಂಟಡಿ ಎತ್ತರದ ತೂತಿನಲ್ಲಿ ಕಡ್ಡಿ ತೂರಿಸಿ ಕಳ್ಳ ಏನು ಕದಿಯುತ್ತಾನೆ ಎಂದು ಕೇಳುವ ಧೈರ್ಯ ಆ ಇಬ್ಬರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅವರು ಏನೋ ತುರುಕಿ, ಮೇಲೆ ಬಿಳಿ ಸಿಮೆಂಟು ಸವರಿ, "ಆಯ್ತು ಅಜ್ಜ" ಎಂದು ಗಾಡಿ ಹತ್ತಿದರು. ಆ ಮಾತು ಬೇಕಿತ್ತೇ ಅವರಿಗೆ? ಗಾಡಿ ತಿರುವಿನಲ್ಲಿ ಮರೆಯಾಗುವ ಮೊದಲೇ ಮಾವ ಹೊರಗೋಡೆಗೆ ಏಣಿ ಹಾಕಿ, ಪೊರಕೆ ಕಡ್ಡಿ ಹಿಡಿದು ಹತ್ತಿದ್ದರು. ಚುಚ್ಚಿದರೆ ಸಿಮೆಂಟಿನ ಹಪ್ಪಳ ಒಡೆದು ಒಳಗಿಂದ ಉಂಡೆ ಮಾಡಿದ ಹಳೇ ಪೇಪರು ಬಂತು.

"ನೋಡಮ್ಮ," ಅಂದರು ಏಣಿಯ ಮೇಲಿಂದ, "ಗೋಡೆಗೆ ಓದೋಕೆ ಪೇಪರ್ ಕೊಟ್ಟೋಗವ್ರೆ."

ಇದೊಂದರಲ್ಲಿ ಅವರು ಸರಿ ಎಂದು ನಾನು ಒಪ್ಪಲೇಬೇಕು. ಆಮೇಲೆ ಮಾವ ತಾವೇ ಕೆಲಸಕ್ಕೆ ಇಳಿದರು. ಮೊದಲು ನನ್ನ ಅಡುಗೆಮನೆಯಿಂದ ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರುಗಳು ಕಾಣೆಯಾದವು. ಇಲಿಗೆ ಹಲ್ಲು ಜುಮ್ಮೆನ್ನಲಿ ಎಂದು ಅವನ್ನು ಪೈಪಿನ ಸುತ್ತ ತುರುಕಿದರು. ನಂತರ ಎಲ್ಲಿಂದಲೋ ಹುತ್ತದ ಮಣ್ಣು ತಂದು, ಸಗಣಿ ಬೆರೆಸಿ, ಕಾಲಲ್ಲಿ ತುಳಿದು ಹದ ಮಾಡಿದರು.

"ಮಾವ, ಹುತ್ತದ ಮಣ್ಣು ಮೆತ್ತಿದ್ರೆ ಹಾವು ತನ್ನ ಮನೇನೇ ಅಂದ್ಕೊಂಡು ಬರಲ್ವಾ?"

ಅವರು ಒಂದು ಗಳಿಗೆ ಯೋಚಿಸಿದರು. "ಬಂದ್ರೆ ಬಾಗಿಲು ಹಾಕೈತೆ ಅಂತ ವಾಪಸ್ ಹೋಗ್ತದೆ ಬಿಡು."

ಮೆತ್ತಿ ಮುಗಿದ ಮೇಲೆ ಪರೀಕ್ಷೆ. ನಾನು ರೂಮಿನೊಳಗೆ ಸ್ಟೂಲು ಹತ್ತಿ ಊದುಬತ್ತಿ ಹಿಡಿದು ನಿಲ್ಲಬೇಕು, ಅವರು ಹೊರಗೆ ಏಣಿಯ ಮೇಲೆ. "ಹೊಗೆ ಎತ್ಲಾಗ್ ಹೋಗ್ತೈತೆ?" "ಮೇಲಕ್ಕೆ ಮಾವ." "ಸರಿಯಾಗ್ ನೋಡು." "ನೋಡಿದೆ ಮಾವ." "ನೋಡಿದೆ ಅಂತೀಯೋ, ನೋಡಿದ್ದೀಯೋ?" ಹೀಗೆ ಮೂರು ಊದುಬತ್ತಿ ಉರಿದವು. ಪಕ್ಕದ ಮನೆ ಗೌರಮ್ಮ ಕಿಟಕಿಯಿಂದ ಇಣುಕಿ, "ಏನಮ್ಮ, ಎ.ಸಿ.ಗೂ ಪೂಜೆನಾ?" ಅಂದರು. ಪ್ರಸಾದ ಕೊಟ್ಟಿಲ್ಲವೆಂದು ಆಕೆಗೆ ಎರಡು ದಿನ ಬೇಜಾರು.

ಮೊದಲ ಹಗಲು ನಮ್ಮ ಮನೆಯವರು ಕುಂಭಕರ್ಣನ ಹಾಗೆ ಮಲಗಿದರು. ಅಬ್ಬಾ, ಗೆದ್ದೆವು ಅಂದುಕೊಂಡೆ. ಮರುದಿನ ಬೆಳಿಗ್ಗೆ ಆ ಮೆಕ್ಯಾನಿಕ್ಕುಗಳಲ್ಲಿ ಒಬ್ಬ ಎಲ್ಲ ಸರಿಯಿದೆಯೇ ನೋಡಲು ಮತ್ತೆ ಬಂದು, ಮೀಟರು ಹಚ್ಚಿ, "ಗ್ಯಾಸ್ ಫುಲ್ ಇದೆ ಅಜ್ಜ. ರೂಮ್ ಟೈಟಾಗಿ ಮುಚ್ಚಿಡಿ. ಗಾಳಿ ಆಡಬಾರ್ದು, ನೋಡ್ಕೊಳ್ಳಿ" ಎಂದು ಹೋದ. ಮಾವ ಅವನಿಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸಂಜೆ ಶಾಲೆಯಿಂದ ಬಂದು ನೋಡಿದರೆ ಹೊರಗೋಡೆಯ ಮಣ್ಣೂ ಇಲ್ಲ, ಸ್ಕ್ರಬ್ಬರೂ ಇಲ್ಲ. ಪೈಪಿನ ಸುತ್ತ ತೂತು ಬಾಯಿ ತೆರೆದುಕೊಂಡಿದೆ.

"ಮಾವ, ಇದ್ಯಾರು ಕಿತ್ತಿದ್ದು?"

"ಯಾರೋ ಕಿತ್ತವ್ರೆ," ಅಂದರು ಸೂರು ನೋಡುತ್ತಾ. "ಕಾಲ ಸರಿಯಿಲ್ಲ."

ನಮ್ಮ ಮನೆಯವರು ಡ್ಯೂಟಿಗೆ ಹೋದ ಮೇಲೆ ತೂತು ಮತ್ತೆ ಮುಚ್ಚಿಕೊಂಡಿತು. ಬೆಳಿಗ್ಗೆ ಅವರು ಮಲಗಿದ ಮೇಲೆ ಮತ್ತೆ ತೆರೆದುಕೊಂಡಿತು. ರೂಮಿನಲ್ಲಿ ಯಾರೂ ಮಲಗದಿದ್ದಾಗ ಭದ್ರ, ಮಗ ಮಲಗಿದಾಗ ಬಟಾಬಯಲು. ಇದೆಂಥ ಲೆಕ್ಕ? ಇಷ್ಟು ವರ್ಷ ಮಾವ ಜಗತ್ತನ್ನೆಲ್ಲ ಅನುಮಾನಿಸಿದ್ದರು, ಈಗ ನಾನು ಮಾವನನ್ನು ಅನುಮಾನಿಸತೊಡಗಿದೆ. ಅವರ ಉಗುರಿನ ಸಂದಿಯ ಮಣ್ಣು ನೋಡಿದೆ. ಏಣಿ ನಿಲ್ಲಿಸಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೋದೆ, ಸಂಜೆ ಬಂದರೆ ಏಣಿ ಒಂದು ಗೇಣು ಆಚೆಗಿತ್ತು. ಪೊಲೀಸಿನವರು ನನ್ನನ್ನು ಯಾಕೆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲವೋ ತಿಳಿಯದು.

ಅಷ್ಟರಲ್ಲಿ ರೂಮು ತಣ್ಣಗಾಗುವುದು ನಿಂತಿತ್ತು. ಜೊತೆಗೆ ಮಾವ ಮಗನನ್ನು ಮಲಗಲೂ ಬಿಡುತ್ತಿರಲಿಲ್ಲ. ಹತ್ತು ಗಂಟೆಗೆ ಬಾಗಿಲು ಬಡಿದು "ಲೇ, ಕಾಫಿ ಕುಡೀತೀಯೇನ್ಲಾ?" ಹನ್ನೊಂದಕ್ಕೆ "ಲೇ, ನಿನ್ನ ಚಪ್ಪಲಿ ಎಲ್ಲಿ?" ಮಧ್ಯಾಹ್ನ "ಲೇ, ಇವತ್ತು ಯಾವ ವಾರ?" ವಾರ ಯಾವುದೆಂದು ತಿಳಿಯಲು ಗೋಡೆಯ ಮೇಲೆ ಮೊಳ ಉದ್ದದ ಕ್ಯಾಲೆಂಡರ್ ತೂಗಾಡುತ್ತಿತ್ತು. ನಮ್ಮ ಮನೆಯವರ ಕಣ್ಣು ಕೆಂಡದುಂಡೆ. ಶುಕ್ರವಾರ ಬೆಳಿಗ್ಗೆ ಬಂದು, ರಾತ್ರಿ ಮತ್ತೆ ತೂಕಡಿಸಿದೆ ಎಂದರು. ಈ ಸಲ ಕಾರ್ಖಾನೆಯ ಮೇಲಿನವರೇ ನೋಡಿದ್ದರು, ಕೆಲಸಕ್ಕೇ ಕುತ್ತು. ಆದರೆ ನನ್ನ ಕಣ್ಣಮುಂದೆ ಇದ್ದದ್ದು ಕೆಲಸವಲ್ಲ, ಅವರ ಬಲಗೈ.

ನಾನು ರಜೆ ಹಾಕಿದೆ. ಶಾಲೆಗೆ ಹೋದಂತೆ ಮಾಡಿ, ಗೌರಮ್ಮನ ಮನೆಯಲ್ಲಿ ಒಂದು ಗಂಟೆ ಕೂತು, ಹಿಂದಿನ ಬಾಗಿಲಿನಿಂದ ಬಂದೆ. ನಮ್ಮ ನಡುಮನೆಯಲ್ಲಿ ಮಾವ ಸ್ಟೂಲಿನ ಮೇಲೆ ಕೂತು ರೂಮಿನ ಬಾಗಿಲಿಗೆ ಕಿವಿ ಆನಿಸಿದ್ದರು. ಒಳಗೆ ಮಗನ ಗೊರಕೆ. ಗೊರಕೆ ಬರುತ್ತಿರುವಷ್ಟು ಹೊತ್ತು ಮಾವ ಅಲುಗಲಿಲ್ಲ. ಒಳಗೆ ಅವರು ಮಗ್ಗುಲು ಬದಲಿಸಿರಬೇಕು, ಗೊರಕೆ ನಿಂತಿತು. ಮಾವ ಎದ್ದು ಬಾಗಿಲು ಬಡಿಯಲು ಕೈ ಎತ್ತಿದರು.

ನಾನು ಹೋಗಿ ಆ ಕೈ ಹಿಡಿದುಕೊಂಡೆ. ಹನ್ನೆರಡು ವರ್ಷದಲ್ಲಿ ಅವರ ಮುಂದೆ ದನಿ ಎತ್ತಿದವಳಲ್ಲ, ಅವತ್ತು ಸಿಟ್ಟು ತಡೆಯಲಾಗಲಿಲ್ಲ. "ಏನ್ ಮಾವ ಇದು? ನಿದ್ದೆ ಇಲ್ದೆ ಅವರು ಮಿಷನ್ ಮುಂದೆ ತೂಕಡಿಸ್ತಿದಾರೆ. ಕೈ ಹೋಗೋದು ಸ್ವಲ್ಪದರಲ್ಲಿ ತಪ್ಪಿದೆ. ನಿಮ್ಮ ಅನುಮಾನಕ್ಕೆ ನಿಮ್ಮ ಮಗನ ಕೈ ಬಲಿ ಕೊಡ್ತೀರಾ?"

ಕೈಯ ವಿಷಯ ಅವರಿಗೆ ಗೊತ್ತಿರಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು.

"ಗ್ಯಾಸ್ ಐತೆ, ಗಾಳಿ ಆಡಬಾರ್ದು ಅಂದನಲ್ಲಮ್ಮ ಆ ಎ.ಸಿ.ಯವ್ನು," ಅಂದರು. "ನಂಗೊಬ್ಬ ಅಣ್ಣ ಇದ್ದ."

ಅಣ್ಣನೊಬ್ಬ ಇದ್ದ, ವಯಸ್ಸಲ್ಲದ ವಯಸ್ಸಿನಲ್ಲಿ ಹೋದ ಎಂದಷ್ಟೇ ನಾನು ಕೇಳಿದ್ದೆ. ಊರಲ್ಲಿ ಅವರ ಮನೆಗೊಂದು ಹಗೇವು ಇತ್ತಂತೆ. ನೆಲದೊಳಗೆ ತೋಡಿದ ರಾಗಿ ಗುಂಡಿ, ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ದೊಡ್ಡದು. ರಾಗಿ ತುಂಬಿ, ಚಪ್ಪಡಿ ಎಳೆದು, ಸಂದಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಹಿಂದಿನ ದಿನವೇ ಚಪ್ಪಡಿ ಸರಿಸಿ ಗಾಳಿಯಾಡಲು ಬಿಡಬೇಕು. ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡಬೇಕು, ಆರಿದರೆ ಒಳಗೆ ಕೆಟ್ಟ ಗಾಳಿ ಕೂತಿದೆಯೆಂದು ಅರ್ಥ, ಇಳಿಯಬಾರದು.

"ಚಪ್ಪಡಿ ಸರಿಸೋ ಕೆಲಸ ನಂದು. ಪಕ್ಕದೂರಲ್ಲಿ ನಾಟಕ ಇತ್ತು, ಹೊಂಟೋದೆ. ಬೆಳಿಗ್ಗೆ ಬಂದು ಸರಿಸ್ದೆ. ಅಣ್ಣ ಕೇಳ್ದ, ನೆನ್ನೇನೇ ತೆಗ್ದಿದ್ದೇನ್ಲಾ ಅಂತ. ಹೂಂ, ಆಯ್ತು ಅಂದೆ. ನನ್ನ ಮಾತು ನಂಬಿ ದೀಪನೂ ಬಿಡ್ಲಿಲ್ಲ, ಇಳಿದ್ಬಿಟ್ಟ. ಒಂದ್ಸಲ ನನ್ನ ಹೆಸರು ಕೂಗ್ದ. ಆಮೇಲೆ ಸದ್ದಿಲ್ಲ."

ಅವರ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಇಷ್ಟು ವರ್ಷ ಅವರು ನಂಬದೆ ಇದ್ದದ್ದು ನಮ್ಮನ್ನಲ್ಲ ಎಂದು ತಿಳಿದು ಕಣ್ಣು ತುಂಬಿತು. ಎ.ಸಿ.ಯ ಗ್ಯಾಸು ಪೈಪಿನೊಳಗೇ ಸುತ್ತುತ್ತದೆ, ಬಾಗಿಲ ಕೆಳಗೆ ಸಂದಿಯಿದೆ, ಊರೆಲ್ಲ ಹೀಗೇ ಮಲಗುತ್ತದೆ ಎಂದು ತೋಚಿದಷ್ಟು ಹೇಳಿದೆ. ಅವರು ತಲೆಯಾಡಿಸಿದರು. "ಬುದ್ಧಿಗೆ ಗೊತ್ತಾಗ್ತದೆ ಕಣಮ್ಮ. ಈ ಕಿವಿ ಮಾತ್ರ ಒಪ್ಪಲ್ಲ, ಏನ್ ಮಾಡ್ಲಿ."

ಆಮೇಲೆ ಎದ್ದರು. ಹೊರಗೆ ಹೋಗಿ ಮಣ್ಣು ಕಲಸಿ, ನಾನು ಏಣಿ ಹಿಡಿದಿರಲು, ತೂತಿನ ಸುತ್ತ ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೆತ್ತಿದರು. ಎಲ್ಲೂ ಕೂದಲೆಳೆ ಸಂದು ಬಿಡಲಿಲ್ಲ. ಇಳಿದು ಬಂದು ಕೈ ತೊಳೆದು, ತಮ್ಮ ಚಾಪೆಯನ್ನೂ ದಿಂಬನ್ನೂ ಕಂಕುಳಲ್ಲಿ ಇಟ್ಟುಕೊಂಡರು. ಮುನಿಸಿಕೊಂಡು ಊರಿಗೆ ಹೊರಟರೆಂದು ನಾನು ಹೆದರಿದೆ. ಅವರು ಸದ್ದು ಮಾಡದೆ ರೂಮಿನ ಬಾಗಿಲು ತೆಗೆದು ಒಳಗೆ ಹೋದರು.

ಮಗನ ಮಂಚದ ಪಕ್ಕ, ಬರೀ ನೆಲದ ಮೇಲೆ ಚಾಪೆ ಹಾಸಿದರು. ಚಳಿ ಸೋಕಿದರೆ ಮಂಡಿ ಹಿಡಿದುಕೊಳ್ಳುವ ಮನುಷ್ಯ.

"ಮಾವ, ನೆಲ ತಣ್ಣಗಿರ್ತದೆ. ದಿವಾನ್ ತಂದು ಹಾಕ್ತೀನಿ ಇರಿ," ಎಂದು ಪಿಸುಗುಟ್ಟಿದೆ.

"ಬ್ಯಾಡ ತಾಯಿ," ಅಂದರು, ಅವರೂ ಪಿಸುದನಿಯಲ್ಲೇ. "ಅವನನ್ನ ಎಬ್ಬಿಸಲ್ಲ. ಕೆಟ್ಟ ಗಾಳಿ ನೆಲದಲ್ಲೇ ಕೂರೋದು. ನಾನ್ ಕೆಳಗಿದ್ರೆ ಮೊದ್ಲು ನಂಗೇ ಗೊತ್ತಾಗ್ತದೆ. ನೀನು ಬಾಗಿಲು ಹಾಕ್ಕೊ."

ನಾನು ಅವರಿಗೆ ಕಂಬಳಿ ಹೊದಿಸಿ ಬಾಗಿಲು ಹಾಕಿಕೊಂಡೆ.