ತಕ್ಕಡಿಯಲ್ಲಿ ಎರಡು ದೇಶ

ನನ್ನ ಹೆಂಡತಿಯ ಮೇಲೆ ನನ್ನದು ಒಂದೇ ದೂರು. ಕೇಳಿದ್ದಕ್ಕೆ ನಿಜ ಹೇಳಿಬಿಡುತ್ತಾಳೆ. ಹದಿನೆಂಟು ವರ್ಷ ನಾನು ಏನನ್ನೂ ಕೇಳದೆ ಕ್ಷೇಮವಾಗಿದ್ದೆ. ಹೋದ ತಿಂಗಳು ಕೇಳಿದೆ, ಕೆಟ್ಟೆ.

ನಾನು ತಕ್ಕಡಿ ರಿಪೇರಿಯವನು. ಅಂಗಡಿಯಿರಲಿ, ಆಸ್ಪತ್ರೆಯಿರಲಿ, ಮುಳ್ಳು ಕೂದಲೆಳೆಯಷ್ಟು ವಾಲಿದರೂ ನನಗೇ ಬುಲಾವು. ನಮ್ಮ ಕಂಪನಿ ಪಕ್ಕದ ದೇಶದಲ್ಲಿ ಶಾಖೆ ತೆರೆಯಿತು. "ಸಂಸಾರ ಸಮೇತ ಹೋಗ್ತೀರಾ? ಬರೋ ತಿಂಗಳು ಒಂದನೇ ತಾರೀಖು ಸೋಮವಾರ, ಅಷ್ಟರೊಳಗೆ ಹೇಳಿ" ಎಂದರು ಮ್ಯಾನೇಜರು. ನನಗೋ ಹೋಗುವ ಹುಚ್ಚು. ಹೆಂಡತಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳು ಬರದಿದ್ದರೆ ನಾನು ಹೋಗುವಂತಿಲ್ಲ (ಪ್ರೀತಿ ಒಂದು ಕಾರಣ, ನನ್ನ ಕಾಲುಚೀಲ ಎಲ್ಲಿರುತ್ತದೆಂದು ಅವಳೊಬ್ಬಳಿಗೇ ಗೊತ್ತಿರುವುದು ಇನ್ನೊಂದು).

"ಅಲ್ಲಿ ಬದುಕು ಹೇಗಿದೆಯೋ ಏನೋ" ಎಂದಳು.

"ಅದಕ್ಕೇನು, ತೂಗಿ ತೋರಿಸ್ತೀನಿ" ಎಂದೆ.

ಅವಳ ತಂಗಿ ಇರುವುದು ಅದೇ ದೇಶದಲ್ಲಿ. ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಅಲ್ಲಿ ಬಸ್ಸು ಓಡಿಸುತ್ತಾನೆ. ನಾನು ರಾತ್ರಿ ಹಗಲು ಕೂತು 'ಉಭಯ ದೇಶಗಳ ಜೀವನಮಟ್ಟ ತುಲನಾ ಪತ್ರ' ಎಂಬ ಮಹಾಗ್ರಂಥ ರಚಿಸಿದೆ. ಗಾಳಿ, ನೀರು, ನಿದ್ದೆ, ವಿರಾಮ ಎಂದು ಇಪ್ಪತ್ತೊಂದು ಪ್ರಶ್ನೆ. ಈ ದೇಶದ ಪರವಾಗಿ ನಾನು ತುಂಬಿದೆ, ಆ ದೇಶದ ಪರವಾಗಿ ಷಡ್ಡಕ ತುಂಬಿ ಕಳಿಸಿದ. ಓದಿದರೆ, ನಿದ್ದೆ ಇಲ್ಲೂ ಎಂಟು ಗಂಟೆ, ಅಲ್ಲೂ ಎಂಟು ಗಂಟೆ. ಊಟ ಇಲ್ಲೂ ಬಿಸಿ, ಅಲ್ಲೂ ಬಿಸಿ. ಸಂಜೆ ಸುಮ್ಮನೆ ಕೂರಲು ಎರಡೂ ಕಡೆ ಎರಡು ಗಂಟೆ. ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು ಯಾರು? ಇಬ್ಬರೂ 'ಹೆಂಡತಿ' ಎಂದು ಬರೆದಿದ್ದೆವು.

"ಮುಳ್ಳು ನಟ್ಟನಡುವೆ ನಿಂತಿದೆ ಕಣೇ! ಎರಡೂ ದೇಶ ಒಂದೇ, ಸುಖವೋ ಸುಖ!"

ಪಾತ್ರೆ ತೊಳೆಯುತ್ತಿದ್ದವಳು ತಿರುಗಲೂ ಇಲ್ಲ. "ದೇಶದಲ್ಲಿ ನೀವಿಬ್ಬರೇ ಇರೋದೇನ್ರೀ?"

ಮಾತು ನ್ಯಾಯವಾದದ್ದೇ. ಒಂದೇ ಒಂದು ತೂಕದ ಬಟ್ಟು ಇಟ್ಟು ತಕ್ಕಡಿ ಪರೀಕ್ಷಿಸುವವನು ನಮ್ಮ ಕಸುಬಿನಲ್ಲಿ ಕಳ್ಳನೇ ಸರಿ. ಅವಳಿಗೊಂದು ಖಾಲಿ ಹಾಳೆ ಕೊಟ್ಟೆ, ನಾದಿನಿಗೊಂದು ಕಳಿಸಿದೆ. ಬರೆದು ಮುಗಿಯುವವರೆಗೆ ಅಕ್ಕತಂಗಿ ಫೋನಿನಲ್ಲಿ ಮಾತಾಡಕೂಡದು ಎಂದು ಕಟ್ಟಪ್ಪಣೆ ಮಾಡಿದೆ (ಇಡೀ ಸಮೀಕ್ಷೆಯಲ್ಲಿ ಕಷ್ಟವಾದದ್ದು ಇದೊಂದೇ).

ಶನಿವಾರ ಮಧ್ಯಾಹ್ನ ನಾಲ್ಕೂ ಹಾಳೆ ಮೇಜಿನ ಮೇಲೆ ಹರಡಿದೆ. ಹೆಂಡತಿಯ ಹಾಳೆ: ನಿದ್ದೆ ಐದೂವರೆ ಗಂಟೆ. ಊಟ ತಣ್ಣಗೆ, ನಿಂತುಕೊಂಡು. ವಿರಾಮದ ಮುಂದೆ ಒಂದು ಗೀಟು. ನಾದಿನಿಯದೂ ಐದೂವರೆ. ಊಟ, 'ಎಲ್ಲರದ್ದೂ ಆದಮೇಲೆ'. ವಿರಾಮದ ಮುಂದೆ, 'ಹಾಗಂದ್ರೆ?' ಕಾಯಿಲೆ ಬಿದ್ದರೆ? 'ಅಕ್ಕನಿಗೆ ಫೋನ್ ಮಾಡಿ ಅಳ್ತೀನಿ.' ಹೆಂಡತಿ ಅದೇ ಪ್ರಶ್ನೆಗೆ ಬರೆದಿದ್ದಳು: 'ಹೋದ ವರ್ಷ ಜ್ವರ ಬಂದಿತ್ತು. ಯಾರಿಗೂ ಗೊತ್ತಾಗಲಿಲ್ಲ.'

"ಯಾವಾಗ ಬಂದಿತ್ತೇ?"

"ನೀವು ಆಸ್ಪತ್ರೆ ತಕ್ಕಡಿ ಸರಿ ಮಾಡೋಕೆ ಹೋಗ್ತಿದ್ರಲ್ಲ, ಆ ವಾರ."

ಅರ್ಧ ಗ್ರಾಮು ತಪ್ಪನ್ನು ಕಣ್ಣಳತೆಯಲ್ಲೇ ಹಿಡಿಯುತ್ತೇನೆಂದು ಮೆರೆಯುವವನು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಕೈ ಒರೆಸಿಕೊಂಡು ಬಂದು, ತನ್ನ ಮತ್ತು ತಂಗಿಯ ಹಾಳೆ ಒಂದು ಕಡೆ ಇಟ್ಟಳು, ನಮ್ಮಿಬ್ಬರದ್ದು ಇನ್ನೊಂದು ಕಡೆ ಇಟ್ಟಳು.

"ಎರಡು ದೇಶ ಇರೋದೇನೋ ನಿಜ. ಗಡಿ ಮಾತ್ರ ನೀವು ತಪ್ಪು ಎಳೆದಿದ್ದೀರಿ. ಅಡುಗೆಮನೆ ಹೊಸ್ತಿಲಿದೆಯಲ್ಲ, ಅದು."

"ಹಾಗಾದ್ರೆ ಸೋಮವಾರ ಏನು ಹೇಳ್ಲಿ?"

"ಬರಲ್ಲ ಅನ್ನಿ. ಅಷ್ಟು ದೂರ ಹೋಗಿ ಇನ್ನೊಂದು ಅಡುಗೆಮನೆ ಸೇರೋಕೆ ಸಾಮಾನು ಬೇರೆ ಕಟ್ಟಬೇಕಾ? ನಾಳೆಯಿಂದ ನಾನು ನಿಮ್ಮ ದೇಶಕ್ಕೆ ಬರ್ತೀನಿ. ಒಂದು ವರ್ಷ ಇದ್ದು ನೋಡ್ತೀನಿ. ಹಿಡಿಸಿದ್ರೆ ಮುಂದಿನ ಮಾತು."

ಪಕ್ಕದ ದೇಶ ಕೈತಪ್ಪಿತು. ಭಾನುವಾರ ಬೆಳಿಗ್ಗೆ ಅವಳು ಪೇಪರು ಹಿಡಿದು ಕಿಟಕಿ ಪಕ್ಕದ ನನ್ನ ಕುರ್ಚಿಗೆ ವಲಸೆ ಹೋದಳು. ನಾನು ಸೊಂಟಕ್ಕೆ ಟವೆಲು ಸುತ್ತಿ ಹೊಸ್ತಿಲು ದಾಟಿದೆ. ತರಕಾರಿ ಬೇಯಲಿಟ್ಟೆ. ಎರಡು ಡಬ್ಬಿಯಲ್ಲೂ ಬಿಳಿ ಪುಡಿ. ಉಪ್ಪು ಯಾವುದು, ಸಕ್ಕರೆ ಯಾವುದು? (ನೆಕ್ಕಿ ನೋಡಬಹುದೆಂದು ಆಮೇಲೆ ಹೊಳೆಯಿತು.) ಕೇಳೋಣವೆಂದು ಹೊರಗೆ ಬಂದೆ.

ಅವಳು ನಿದ್ದೆ ಹೋಗಿದ್ದಳು. ಪೇಪರು ಮಡಿಲಲ್ಲಿ, ಬಾಯಿ ಒಂದಿಷ್ಟು ತೆರೆದಿತ್ತು. ಹದಿನೆಂಟು ವರ್ಷದಲ್ಲಿ ಹಗಲು ಹೊತ್ತು ಅವಳು ಮಲಗಿದ್ದನ್ನು ನಾನು ನೋಡಿರಲಿಲ್ಲ. ಕಿವಿಯ ಪಕ್ಕದ ಕೂದಲು ಯಾವಾಗ ಬೆಳ್ಳಗಾಯಿತೋ ಅದೂ ಗೊತ್ತಿರಲಿಲ್ಲ. ಎಬ್ಬಿಸುವ ಮನಸ್ಸಾಗದೆ ಎಷ್ಟೋ ಹೊತ್ತು ಹಾಗೇ ನಿಂತಿದ್ದೆ. ಅಷ್ಟರಲ್ಲಿ ಒಳಗಿನಿಂದ ಸೀದ ವಾಸನೆ ಬಂತು.

ಅವಳು ಕಣ್ಣು ತೆರೆಯಲಿಲ್ಲ.

"ಒಲೆ ಆರಿಸಿ. ಮೇಲಿಂದು ತೆಗೆದು ಈ ಕಡೆ ಬಡಿಸಿ. ತಳ ಹಿಡಿದದ್ದು ಆ ದೇಶದವರ ಪಾಲಿಗೆ. ಇಷ್ಟು ವರ್ಷ ಅಲ್ಲಿ ಅದೇ ಕಾನೂನು."