ಈ ಟೈರ್ ಯಾವ ದೇಶದ್ದು ಹೇಳ್ರಿ

ಹೊನ್ನಾಳಿಯಲ್ಲಿ ನನ್ನದೊಂದು ಟೈರ್ ಅಂಗಡಿ. ಪಂಕ್ಚರ್ ಹಾಕಿಸಲು ಬಂದವರು ಸುಮ್ಮನೆ ಹಾಕಿಸಿಕೊಂಡು ಹೋದ ದಿನ ನನಗೆ ನೆನಪಿಲ್ಲ, ಏನಾದರೊಂದು ಕಿತಾಪತಿ ಆಗಿಯೇ ಆಗುತ್ತದೆ. ಆದರೆ ಈಗ ಹೇಳುವ ಕಿತಾಪತಿಗಳಿಗೆಲ್ಲ ಮೂಲಪುರುಷ ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಜಪಾನ್

ಗೋವಿನಕೋವಿಯ ನಿವೃತ್ತ ಮೇಷ್ಟ್ರೊಬ್ಬರು ಕಾರಿಗೆ ಟೈರ್ ಹಾಕಿಸಲು ಬಂದರು. ಕೈಯಲ್ಲಿ ಮೊಬೈಲು, ಅದರೊಳಗೆ ಯಾವುದೋ ವಿಡಿಯೋ.

"ಟೈರಿನ ಮೇಲೆ ಅಮೆರಿಕಾ ಸರ್ಕಾರದ ಕೋಡ್ ಇರ್ತೈತಂತಲ್ರೀ? ಅಲ್ಲಿಗೆ ಟೈರ್ ಮಾರೋ ಹೊರದೇಶದ ಕಾರ್ಖಾನೆಗೆಲ್ಲ ಒಂದೊಂದು ಗುರುತು ಕೊಟ್ಟಿರ್ತಾರಂತೆ. ಮೊದಲನೇ ಎರಡು ಮೂರು ಅಕ್ಷರ ಕಾರ್ಖಾನೆ, ಕೊನೇ ನಾಲ್ಕು ಅಂಕಿ ತಯಾರಾದ ವಾರ, ವರ್ಷ. ಈ ಟೈರ್ ಯಾವ ದೇಶದ್ದು ಹೇಳ್ರಿ."

ಕೊನೆಯ ನಾಲ್ಕು ಅಂಕಿ ನನಗೆ ಗೊತ್ತು. ಯಾವುದು ಹಳೇ ಟೈರ್, ಯಾವುದು ಹೊಸದು ಅಂತ ಗಿರಾಕಿಗೆ ಹೇಳುವುದೇ ಅದನ್ನು ನೋಡಿ. ಮೊದಲ ಅಕ್ಷರಗಳನ್ನು ಮಾತ್ರ ಇಪ್ಪತ್ತು ವರ್ಷದಿಂದ ಅಲಂಕಾರ ಅಂದುಕೊಂಡಿದ್ದೆ. ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಕೌಂಟರಿನಲ್ಲಿ ಬಿಲ್ ಬರೆಯುವ ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. "ಜಪಾನ್" ಅಂದುಬಿಟ್ಟೆ.

ಮೇಷ್ಟ್ರು ಊರಿಗೆಲ್ಲ ಡಂಗುರ ಸಾರಿದರು. ವಾರದೊಳಗೆ ನನಗೆ ಟೈರ್ ಜೋಯಿಸ ಅಂತ ಹೆಸರು ಬಿತ್ತು. ಈಗ ನಿಜ ಹೇಳಿದರೆ ಕೊನೆಯ ನಾಲ್ಕು ಅಂಕಿಯ ವಿಷಯದಲ್ಲೂ ಜನ ನನ್ನನ್ನು ನಂಬುವುದಿಲ್ಲ. ಟೈರ್ ಮಾರುವವನ ಮಾತು ಹೋಯಿತೆಂದರೆ ಅಂಗಡಿಯೇ ಹೋದ ಹಾಗೆ. ಅದಕ್ಕೇ ಮುಂದಿನವರಿಗೆ ಕೊರಿಯಾ ಅಂದೆ, ಅವರ ಹಿಂದೆ ಬಂದವರಿಗೆ ಥೈಲ್ಯಾಂಡ್. ಎಲ್ಲರಿಗೂ ಒಂದೇ ದೇಶ ಹೇಳಿದರೆ ಅನುಮಾನ ಬರುತ್ತದೆ ನೋಡಿ.

ವಿಭೂತಿ

ಕಪ್ಪು ಟೈರಿನ ಮೇಲೆ ಕಪ್ಪು ಅಕ್ಷರ ಎಲ್ಲಿ ಕಾಣಬೇಕು? ಸೀಮೆಸುಣ್ಣ ತಿಕ್ಕಿದರೆ ಎದ್ದು ಕಾಣುತ್ತದೆ. ಒಂದು ದಿನ ಸೀಮೆಸುಣ್ಣ ಮುಗಿದಿತ್ತು. ಜಗಳೂರು ಕಡೆ ಬಿಳಿಚೋಡಿನ ಯಜಮಾನರೊಬ್ಬರು ಗೂಡ್ಸ್ ಗಾಡಿಯಲ್ಲಿ ಕುರಿ ತುಂಬಿಕೊಂಡು ಶಿವಮೊಗ್ಗಕ್ಕೆ ಹೊರಟವರು ಗಾಳಿ ಹಾಕಿಸಲು ನಿಂತರು. ಮುಂದಿನ ಟೈರ್ ನೋಡಿದರೆ ಮೈಯೆಲ್ಲ ಬಿರುಕು. ಎಷ್ಟು ವರ್ಷದ್ದು ನೋಡೋಣ ಅಂತ ದೇವರ ಪಟದ ಮುಂದಿದ್ದ ವಿಭೂತಿ ಗಟ್ಟಿ ತಂದು ಮೂರು ಸಲ ಎಳೆದೆ.

ತಿರುಗಿ ನೋಡುತ್ತೇನೆ, ಆ ಯಜಮಾನರು ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ದಾರೆ!

"ಯಜಮಾನ್ರೇ, ಇದು ಎಂಟು ವರ್ಷದ್ದು. ದಾರೀಲಿ ಒಡೆದ್ರೆ ಕುರಿ ಜೊತೆ ನೀವೂ ಹೋಗ್ತೀರಿ. ಬದಲಾಯಿಸ್ರಿ."

"ಪೂಜೆ ಆತಲ್ಲ ಬಿಡ್ರಿ, ಇನ್ನೇನೂ ಆಗಲ್ಲ. ಉಳಿದ ಮೂರಕ್ಕೂ ಹಚ್ಚಿಬಿಡ್ರಿ."

"ಇದು ಪೂಜೆ ಅಲ್ರೀ, ನಂಬರ್ ಓದಾಕೆ ಹಚ್ಚಿದ್ದು!"

"ದೊಡ್ಡೋರು ಹಂಗೇ ಅಂತೀರಿ."

ನನ್ನ ವಿಭೂತಿ ನಂಬಿಕೊಂಡು ಈ ಮನುಷ್ಯ ಆ ಟೈರಿನಲ್ಲೇ ಹೊರಟರೆ ಏನು ಗತಿ? "ಈ ಪೂಜೆ ಫಲ ಕೊಡೋದು ಹೊಸ ಟೈರಿಗೆ ಮಾತ್ರ. ಹಳೇದಕ್ಕೆ ಮಾಡಿದ್ರೆ ತಿರುಗುಬಾಣ ಆಗ್ತೈತೆ" ಅಂದೆ.

ಅಷ್ಟು ಕೇಳಿದ್ದೇ ನಾಲ್ಕೂ ಹೊಸದು ಹಾಕಿಸಿದರು. ಪಕ್ಕದ ಅಂಗಡಿಯಿಂದ ತೆಂಗಿನಕಾಯಿ ತಂದು ನನ್ನ ಕೈಗಿಟ್ಟು, "ಸೋಮವಾರ ನಮ್ಮೂರಿಂದ ಇನ್ನೂ ಎರಡು ಗಾಡಿ ಬರ್ತಾವೆ. ನೀವು ಉಪವಾಸ ಇರ್ರಿ" ಅಂದರು.

ಆಷಾಢ

ನ್ಯಾಮತಿಯ ನರ್ಸ್ ಒಬ್ಬರು ಸ್ಕೂಟರಿಗೆ ಟೈರ್ ಕೇಳಿದರು. ದಿನಾ ಹಳ್ಳಿ ಹಳ್ಳಿ ಸುತ್ತಿ ಮಕ್ಕಳಿಗೆ ಚುಚ್ಚುಮದ್ದು ಹಾಕುವವರು. ಒಳ್ಳೆಯದನ್ನೇ ಕೊಡೋಣ ಅಂತ, "ಈ ವರ್ಷದ್ದೇ ಅಕ್ಕ, ಇಪ್ಪತ್ತೆಂಟನೇ ವಾರ" ಅಂತ ತೋರಿಸಿದೆ.

ಆಕೆ ಮೊಬೈಲಿನಲ್ಲಿ ಪಂಚಾಂಗ ತೆಗೆದರು. "ಅಯ್ಯೋ, ಆಷಾಢ! ಬೇಡಣ್ಣ."

ಇನ್ನೊಂದು ತಂದೆ. ಮೂವತ್ತೇಳನೇ ವಾರ. "ಪಿತೃಪಕ್ಷ! ತೆಗೀರಿ ಆ ಕಡೆ."

ಆಮೇಲೆ ತಾವೇ ಮೂಲೆಗೆ ಹೋಗಿ ಬಗ್ಗಿ, ನಾನು ಎಸೆಯಲು ಇಟ್ಟಿದ್ದ ಐದು ವರ್ಷದ ಟೈರ್ ಹಿಡಿದುಕೊಂಡು ಬಂದರು. "ಇದು ಶ್ರಾವಣ. ಇದನ್ನೇ ಹಾಕ್ರಿ."

"ಔಷಧಿ ಬಾಟಲಿ ಮೇಲಿನ ತಾರೀಕು ಹಿಂಗೇ ನೋಡ್ತೀರೇನಕ್ಕ?"

"ಅದು ಎಕ್ಸ್‌ಪೈರಿ ಅಣ್ಣ, ಇದು ಮುಹೂರ್ತ."

ಇನ್ನು ದಾರಿ ಒಂದೇ. ಆಷಾಢದ ಟೈರಿನ ಮೊದಲ ಅಕ್ಷರಗಳ ಮೇಲೆ ಬೆರಳಿಟ್ಟು, "ಅಕ್ಕ, ಈ ಹೊಸದು ತೈವಾನ್ ಕಾರ್ಖಾನೇದು. ಅಲ್ಲಿ ಆಷಾಢಾನೇ ಇಲ್ಲ" ಅಂದೆ.

ಪಂಚಾಂಗ ಮುಚ್ಚಿ ಹೊಸದನ್ನೇ ಹಾಕಿಸಿಕೊಂಡರು. ಸ್ಕೂಟರ್ ಹತ್ತಿದವರು ನನ್ನ ಹೆಂಡತಿಯ ಕಡೆ ತಿರುಗಿ, "ಹಂಗಾದ್ರೆ ಅಲ್ಲಿ ಹೊಸ ಸೊಸೇರಿಗೆ ತವರಿಗೆ ಹೋಗಾಕೂ ಇಲ್ಲ. ಪಾಪ" ಅಂದರು.

ಪಟ್ಟಿ

ನನ್ನ ಪಾಪದ ಕೊಡ ತುಂಬಿದ್ದು ಚನ್ನಗಿರಿಯ ಗುತ್ತಿಗೆದಾರರೊಬ್ಬರಿಂದ. ಸೆಕೆಂಡ್ ಹ್ಯಾಂಡ್ ದೊಡ್ಡ ಕಾರು ತಗೊಂಡಿದ್ದರು. ಹಿಂದಿನ ತಿಂಗಳು ಅದಕ್ಕೆ ನಾಲ್ಕು ಟೈರ್ ಹಾಕಿ "ಜರ್ಮನಿ" ಅಂದಿದ್ದೆ. ಅವರು ಮಗಳ ಅತ್ತೆಮನೆಗೆ ಹೋಗಿ ಆ ಜರ್ಮನಿಯನ್ನು ಬೀಗರ ಮುಂದೆ ಕೊಚ್ಚಿಕೊಂಡಿದ್ದರು. ಬೀಗರು ನಕ್ಕಿದ್ದರಂತೆ. ಈಗ ಯಾವ ಕೋಡ್ ಯಾವ ದೇಶದ್ದು ಅಂತಿರುವ ಅಮೆರಿಕಾ ಸರ್ಕಾರದ ಪಟ್ಟಿಯನ್ನೇ ಪ್ರಿಂಟ್ ತೆಗೆಸಿಕೊಂಡು ಬಂದು, ಅಂಗಡಿ ತುಂಬ ಜನ ಇರುವಾಗಲೇ ಕೌಂಟರಿನ ಮೇಲೆ ಹರಡಿದರು.

"ಎಲ್ಲರೂ ನೋಡ್ಲಿ. ಇವತ್ತು ಬೀಗರ ಬಾಯಿ ಮುಚ್ಚಿಸಿಬಿಡ್ತೀನಿ."

ತಮ್ಮ ಟೈರಿನ ಕೋಡ್ ಹುಡುಕುತ್ತ ಅವರ ಬೆರಳು ಸಾಲು ಸಾಲು ಇಳಿದು ಒಂದು ಕಡೆ ನಿಂತಿತು.

"ಅಲ್ರೀ, ಇಂಡಿಯಾ ಅಂತ ಐತೆ!"

ಇನ್ನು ಮುಚ್ಚಿಟ್ಟು ಏನು ಮಾಡಲಿ? "ತಪ್ಪಾತ್ರೀ. ನನಗೆ ಮೊದಲನೇ ಅಕ್ಷರ ಓದಾಕೆ ಬರಲ್ಲ. ಯಾವತ್ತೂ ಬಂದಿಲ್ಲ. ಕೊನೇ ನಾಲ್ಕಂಕಿ ಮಾತ್ರ ಸತ್ಯ" ಅಂದೆ. ನಾಚಿಕೆಯಿಂದ ಯಾರ ಮುಖವನ್ನೂ ನೋಡಲಾಗಲಿಲ್ಲ.

"ನಿಮ್ಮ ತಪ್ಪು ಇಟ್ಕಂಡು ನಾನೇನು ಮಾಡ್ಲಿ? ಫಾರಿನ್ ಟೈರ್ ಅಂದು ಬಂದೀನಿ. ಬೀಗರಿಗೆ ಹೆಂಗೆ ಮುಖ ತೋರಿಸ್ಲಿ?" ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ನನ್ನ ಹೆಂಡತಿ ಪಟ್ಟಿಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ಅಣ್ಣಾರೇ, ಮೇಲೆ ದಪ್ಪಕ್ಷರದಾಗೆ ಏನು ಬರೆದೈತೆ?"

"ವಿದೇಶಿ ಟೈರ್ ತಯಾರಕರು ಅಂತ."

"ಪಟ್ಟಿ ಅಮೆರಿಕಾದೋರ್ದು. ಅವರಿಗೆ ನಾವು ವಿದೇಶಾನೇ ಅಲ್ವಾ? ನಿಮ್ಮ ಟೈರ್ ಫಾರಿನ್ನೇ. ಅಮೆರಿಕಾ ಸರ್ಕಾರಾನೇ ಬರೆದು ಕೊಟ್ಟೈತೆ."

ಗುತ್ತಿಗೆದಾರರು ಹಾಳೆಯನ್ನೂ ಅವಳ ಮುಖವನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಇಂಡಿಯಾ ಕಾಣದ ಹಾಗೆ ಹಾಳೆ ಮಡಚಿ, ತಲೆಬರಹ, ಕೋಡ್ ಎರಡೇ ಕಾಣುವಂತೆ ಫೋಟೋ ಹೊಡೆದು ಬೀಗರಿಗೆ ಕಳಿಸಿ, ಮೀಸೆ ತಿರುವಿಕೊಂಡು ಕಾರು ಹತ್ತಿದರು.

ಉಳಿದವರ ಮುಂದೆ ನಾನು ತಲೆ ತಗ್ಗಿಸಿ ನಿಂತೆ. ಟೈರ್ ಉರುಳಿಸಿಕೊಂಡು ಬಂದು ಕಾಯುತ್ತಿದ್ದ ನಮ್ಮೂರಿನ ಹಾಲಿನ ಗಾಡಿಯವರು ಎದ್ದರು. ಇವರು ಬೇರೆ ಟೈರ್ ಅಂಗಡಿಗೆ ಹೊರಟರು ಅಂದುಕೊಂಡೆ. ಅವರು ನನ್ನನ್ನು ದಾಟಿ ನೇರ ಕೌಂಟರಿಗೆ ಹೋಗಿ, "ಅಕ್ಕ, ನಂದು ಯಾವ ದೇಶದ್ದು ಹೇಳ್ರಿ" ಅಂದರು.

ಹೆಂಡತಿ ಟೈರ್ ಕಡೆ ತಿರುಗಿಯೂ ನೋಡಲಿಲ್ಲ. "ಫಾರಿನ್" ಅಂದಳು.